ಹಿತ್ತಾಳೆ ಬಿಲ್ಲೆ, ಹಳದಿ ಕಾಗದ

ಗಾಜಿನ ಕಾರ್ಖಾನೆಯವರು ಅವಳಿಗೆ ಬಿಲ್ಲೆಯಮ್ಮ ಎಂದು ಹೆಸರಿಟ್ಟಿದ್ದರು. ವರ್ಷಕ್ಕೊಮ್ಮೆ, ಬಿಸಿಲು ಇನ್ನೂ ಎಳೆಯದಾಗಿರುವ ಹೊತ್ತಿನಲ್ಲಿ, ಹೆಗಲಿಗೆ ಚೀಲ ಹಾಕಿಕೊಂಡು ಗೇಟು ದಾಟಿ ಬರುತ್ತಿದ್ದಳು. ಚೀಲದಲ್ಲಿ ಒಂದು ದಪ್ಪ ರಿಜಿಸ್ಟರು, ಒಂದು ಸ್ಕ್ರೂಡ್ರೈವರು, ಒಂದು ಮೆತ್ತನೆಯ ಹಳೇ ಬಟ್ಟೆ, ಡಬ್ಬಿ ತುಂಬ ಸ್ಕ್ರೂಗಳು, ಮತ್ತು ಬೆಂಕಿಪೊಟ್ಟಣದಷ್ಟಗಲದ ಹಿತ್ತಾಳೆ ಬಿಲ್ಲೆಗಳು. ಕುಲುಮೆಯ ಮುಂದೆ ಗಾಜು ಊದುತ್ತಿದ್ದವರು ಅವಳನ್ನು ಕಂಡ ಕೂಡಲೇ, "ಬಂದ್ರಪ್ಪಾ ಬಿಲ್ಲೆಯಮ್ಮ! ಸುಮ್ನೆ ನಿಂತ್ಕೋಬೇಡಿ, ಯಂತ್ರ ಅನ್ಕೊಂಡು ನಿಮ್ಮ ಬೆನ್ನಿಗೂ ಒಂದು ಬಿಲ್ಲೆ ಜಡಿದುಬಿಟ್ಟಾರು" ಎಂದು ನಗುತ್ತಿದ್ದರು. ಅವಳೂ ನಗುತ್ತಿದ್ದಳು, ಒಂದು ಗಳಿಗೆ ತಡವಾಗಿ. ಅಷ್ಟರಲ್ಲಿ ನಗಿಸಿದವರು ಬೇರೆ ಮಾತಿಗೆ ಹೋಗಿರುತ್ತಿದ್ದರು.

ಅವಳ ಕೆಲಸ ಏನೆಂದು ಮೊದಲೇ ಹೇಳಿಬಿಡುತ್ತೇನೆ, ಇಲ್ಲದಿದ್ದರೆ ಆಮೇಲೆ ನನ್ನನ್ನೇ ಬೈಯುತ್ತೀರಿ. ಕಂಪನಿಗೆ ದುಡ್ಡು ಬೇಕಾದಾಗ ಬ್ಯಾಂಕಿನ ಬಾಗಿಲನ್ನೇ ತಟ್ಟಬೇಕೆಂದಿಲ್ಲ. ನಿಮ್ಮಂಥ ನನ್ನಂಥವರ ಹತ್ತಿರವೂ ಸಾಲ ಎತ್ತಬಹುದು. ಕೊಟ್ಟವರ ಕೈಗೆ ಒಂದು ಕಾಗದ ಬರುತ್ತದೆ: ಇಂಥ ವರ್ಷ ಅಸಲು, ಅಲ್ಲಿಯವರೆಗೆ ಇಷ್ಟು ಬಡ್ಡಿ. ಅದೇ ಬಾಂಡು. ಗಾಜಿನ ಕಂಪನಿ ಎರಡು ಬಗೆಯ ಬಾಂಡುಗಳನ್ನು ಹೊರಡಿಸಿತ್ತು. ನೀಲಿ ಕಾಗದದ್ದು ಭದ್ರತೆ ಇರುವ ಬಾಂಡು. ಕಂಪನಿ ಮುಳುಗಿದರೆ ಇಂತಿಂಥ ಯಂತ್ರ ಮಾರಿ ಮೊದಲು ಇವರ ದುಡ್ಡು ತೀರಿಸಬೇಕು ಎಂದು ಒತ್ತೆ ಇಟ್ಟು ಬರೆದುಕೊಟ್ಟದ್ದು. ಹಳದಿ ಕಾಗದದ್ದಕ್ಕೆ ಒತ್ತೆ ಗಿತ್ತೆ ಏನೂ ಇಲ್ಲ, ಕಂಪನಿಯ ಮಾತೇ ಆಧಾರ. ಮುಳುಗಿದರೆ ಹಳದಿಯವರು ಉಳಿದವರ ಜೊತೆ ಸಾಲಿನಲ್ಲಿ ನಿಂತು, ಮಿಕ್ಕಿದ್ದರಲ್ಲಿ ಪಾಲು ಹಂಚಿಕೊಳ್ಳಬೇಕು. ಮಿಕ್ಕದೆ ಹೋದರೆ ಬರಿಗೈಯಲ್ಲಿ ಮನೆಗೆ. ಆ ಭಯಕ್ಕೆ ಬದಲಾಗಿ ಹಳದಿಗೆ ನೂರಕ್ಕೆ ಎರಡೂವರೆ ಬಡ್ಡಿ ಜಾಸ್ತಿ. ಸುಮ್ಮಸುಮ್ಮನೆ ಯಾರು ಜಾಸ್ತಿ ಕೊಡುತ್ತಾರೆ, ನೀವೇ ಹೇಳಿ.

ನೀಲಿ ಕಾಗದ ಹಿಡಿದವರು ಎಲ್ಲೆಲ್ಲೋ ಇರುವ ಸಾವಿರಾರು ಮಂದಿ. ಅವರೆಲ್ಲ ದಿನಾ ಬಂದು ಯಂತ್ರ ಕಾಯಲು ಆಗುತ್ತದೆಯೆ? ಅವರ ಪರವಾಗಿ ಕಾಯಲು ಒಂದು ಟ್ರಸ್ಟಿ ಕಚೇರಿ. ಆ ಕಚೇರಿಯ ಮೂರನೇ ಮಹಡಿಯಲ್ಲಿ, ಕಿಟಕಿ ಪಕ್ಕದ ಮೇಜು ಬಿಲ್ಲೆಯಮ್ಮನದು. ಒತ್ತೆಯಿಟ್ಟ ಒಂದೊಂದು ಯಂತ್ರಕ್ಕೂ ನಂಬರಿನ ಬಿಲ್ಲೆ ಕೂಡಿಸುವುದು, ವರ್ಷಕ್ಕೊಮ್ಮೆ ಹೋಗಿ ಬಿಲ್ಲೆ ಇದ್ದಲ್ಲೇ ಇದೆಯೆ ಎಂದು ನೋಡಿ ರಿಜಿಸ್ಟರಿನಲ್ಲಿ ಗುರುತು ಹಾಕುವುದು, ಇಷ್ಟೇ ಅವಳ ಉದ್ಯೋಗ. ಗಾಜಿನ ಕಂಪನಿಯ ಪತ್ರದಲ್ಲಿ ಸ್ಪಷ್ಟವಾಗಿ ಬರೆದಿತ್ತು: ಒಂದರಿಂದ ಇನ್ನೂರ ಹನ್ನೆರಡರವರೆಗಿನ ಬಿಲ್ಲೆ ಇರುವ ಯಂತ್ರಗಳು ನೀಲಿಯವರ ಒತ್ತೆ. ಬಿಲ್ಲೆ ಇಲ್ಲದ್ದು ಎಲ್ಲರಿಗೂ ಸೇರಿದ್ದು.

ಇಂಥ ಕೆಲಸಕ್ಕೆ ಇವಳನ್ನು ಯಾರು ಆರಿಸಿದರೋ ದೇವರೇ ಬಲ್ಲ. ಯಾಕೆಂದರೆ ಬಿಲ್ಲೆಯಮ್ಮ ಹಗಲುಗನಸಿನ ಹೆಂಗಸು. ಕೆಲಸದಲ್ಲಿ ಒಂದು ಸ್ಕ್ರೂ ತಪ್ಪುತ್ತಿರಲಿಲ್ಲ, ಅದು ನಿಜ. ಆದರೆ ಕಚೇರಿಯಿಂದ ಹೊರಗೆ ಕಾಲಿಟ್ಟರೆ ಸಾಕು, ಮನಸ್ಸು ಎಲ್ಲೋ ಹೊರಟುಹೋಗುತ್ತಿತ್ತು. ಬಸ್ಸಿನಲ್ಲಿ ತನ್ನ ನಿಲ್ದಾಣ ದಾಟಿ ಮೂರು ನಿಲ್ದಾಣ ಮುಂದೆ ಇಳಿಯುತ್ತಿದ್ದಳು. ಒಲೆಯ ಮೇಲೆ ಹಾಲಿಟ್ಟು ಪಾತ್ರೆಯ ಅಂಚಿನ ಗುಳ್ಳೆಗಳನ್ನು ನೋಡುತ್ತ ನೋಡುತ್ತ ಹಾಲು ಉಕ್ಕಿದ್ದನ್ನು ನೋಡುತ್ತಿರಲಿಲ್ಲ. ಸಂಜೆ ಬೀದಿಯಲ್ಲಿ ನಡೆಯುವಾಗ ಅವಳಿಗೆ ಎಲ್ಲದರ ಮೇಲೂ ಬಿಲ್ಲೆ ಕಾಣಿಸುತ್ತಿತ್ತು: ದೀಪದ ಕಂಬಕ್ಕೊಂದು, ಬೇಕರಿಯ ಗಾಜಿನ ಬಾಗಿಲಿಗೊಂದು, ಮಲಗಿದ್ದ ಬೆಕ್ಕಿನ ಕಿವಿಗೊಂದು. ಯಾವುದು ಯಾರದೆಂದು ಎಲ್ಲ ಗೊತ್ತಾಗಿ ಜಗತ್ತು ನಿಶ್ಚಿಂತೆಯಿಂದ ಹೊಳೆಯುತ್ತಿರುವಂತೆ ಅವಳಿಗೆ ಅನಿಸುತ್ತಿತ್ತು. ಮದುವೆಯ ಮಾತು ಒಂದೆರಡು ಸಲ ಬಂದಿತ್ತಂತೆ. ಆಗ ಅವಳು ಏನನ್ನೋ ಯೋಚಿಸುತ್ತಿದ್ದಳಂತೆ. ಬಂದವರು ಕಾದು ಕಾದು ಎದ್ದುಹೋದರು.

ಇದೆಲ್ಲ ನಡೆಯುತ್ತಿದ್ದದ್ದು ಅಕ್ಕ ಇದ್ದದ್ದರಿಂದ. ಅಕ್ಕ ಅವಳಿಗಿಂತ ಹನ್ನೊಂದು ವರ್ಷ ದೊಡ್ಡವಳು. ಅಮ್ಮ ಸತ್ತಾಗ ತಂಗಿಗೆ ಆರು, ಅಕ್ಕನಿಗೆ ಹದಿನೇಳು. ಅಪ್ಪ ಹಡಗಿನಲ್ಲಿ ಕೆಲಸ ಮಾಡುತ್ತಿದ್ದ. ಬಂದರೆ ಬಂದ, ಇಲ್ಲದಿದ್ದರೆ ಇಲ್ಲ, ಕೊನೆಗೊಮ್ಮೆ ಬರಲೇ ಇಲ್ಲ. ಅಕ್ಕ ಗಾಜಿನ ಕಾರ್ಖಾನೆಯ ಪ್ಯಾಕಿಂಗ್ ಕೋಣೆಗೆ ಸೇರಿದಳು. ಲಾಂದ್ರದ ಗಾಜು, ಹೂದಾನಿ, ಔಷಧಿ ಶೀಶೆಗಳನ್ನು ಹುಲ್ಲಿನಲ್ಲಿ ಸುತ್ತಿ ಪೆಟ್ಟಿಗೆಗೆ ತುಂಬುವ ಕೆಲಸ. ಮೂವತ್ತೆಂಟು ವರ್ಷ ಅದನ್ನೇ ಮಾಡಿದಳು. ಅವಳು ಕಟ್ಟಿದ ಪೆಟ್ಟಿಗೆ ಮೆಟ್ಟಿಲ ಮೇಲಿಂದ ಉರುಳಿದರೂ ಒಳಗೆ ಒಂದು ಬಿರುಕು ಬೀಳುತ್ತಿರಲಿಲ್ಲ ಎಂದು ಮೇಸ್ತ್ರಿ ಹೇಳಿಕೊಂಡು ತಿರುಗುತ್ತಿದ್ದ. ಆ ಸಂಬಳದಲ್ಲಿ ತಂಗಿಯನ್ನು ಓದಿಸಿದಳು, ಕಚೇರಿಗೆ ಸೇರಿಸಿದಳು, ಐವತ್ತು ಹತ್ತಿರ ಬಂದರೂ ಪುಟ್ಟಿ ಎಂದೇ ಕರೆಯುತ್ತಿದ್ದಳು.

ಅಕ್ಕನಿಗೆ ಜೀವನದಲ್ಲಿ ಒಂದೇ ಒಂದು ಆಸೆ ಇತ್ತು. ಚಿಕ್ಕಂದಿನಲ್ಲಿ ಅವಳು ಮಲಗುತ್ತಿದ್ದದ್ದು ಬಾಗಿಲ ಬಳಿ, ಅಪ್ಪ ಬಂದರೆ ತೆಗೆಯಲು. ತಂಗಿ ಕಾಲೇಜಿನ ಹಾಸ್ಟೆಲಿನಲ್ಲಿದ್ದಾಗ ಅಕ್ಕ ಇದ್ದದ್ದು ಕಾರ್ಖಾನೆಯ ವಸತಿಯಲ್ಲಿ, ಹನ್ನೆರಡು ಮಂಚದ ಸಾಲಿನಲ್ಲಿ ಮೊದಲನೆಯದರ ಮೇಲೆ. ಆಮೇಲೆ ಇಬ್ಬರೂ ಬಾಡಿಗೆಗೆ ಹಿಡಿದ ಮನೆಯಲ್ಲಿ ಹಿಂದಿನ ಕೋಣೆ ತಂಗಿಗೆ, ಅವಳ ಪರೀಕ್ಷೆಗಳಿಗೆ; ಮುಂದಿನದು ಅಕ್ಕನಿಗೆ. ಪರೀಕ್ಷೆಗಳು ಮುಗಿದು ಇಪ್ಪತ್ತೈದು ವರ್ಷವಾದರೂ ಕೋಣೆಗಳು ಹಾಗೇ ಉಳಿದವು. ಬೀದಿಯಿಂದ ಅಡುಗೆಮನೆಗೆ ಹೋಗುವವರೆಲ್ಲ ಅಕ್ಕನ ಮಂಚದ ಪಕ್ಕದಲ್ಲೇ ಹಾದುಹೋಗಬೇಕು. ಹೀಗೆ ಅವಳು ಹುಟ್ಟಿದಾಗಿನಿಂದ ಬೇರೆಯವರು ದಾಟಿ ಹೋಗುವ ಕೋಣೆಯಲ್ಲೇ ಮಲಗಿದವಳು. ಯಾರೂ ದಾಟದ ಒಂದು ಕೋಣೆ, ಒಳಗಿನಿಂದ ಹಾಕಿಕೊಳ್ಳುವ ಒಂದು ಚಿಲಕ, ಅಷ್ಟೇ ಅವಳಿಗೆ ಬೇಕಾದದ್ದು.

ಅಂಥದೊಂದು ಕೋಣೆಯನ್ನು ಅವಳು ಹುಡುಕಿಯೂ ಇಟ್ಟಿದ್ದಳು. ಕಾಲುವೆಯ ದಂಡೆಯಲ್ಲಿ ಬಟ್ಟೆ ಹೊಲಿಯುವ ಒಬ್ಬ ಮುದುಕಿಯ ಅಂಗಡಿ. ಪಕ್ಕದಲ್ಲಿ ಹೊರಗಿನಿಂದಲೇ ಹತ್ತುವ ಮರದ ಮೆಟ್ಟಿಲು. ಮೇಲೆ ಹಸಿರು ಬಾಗಿಲಿನ ಒಂದೇ ಕೋಣೆ. ಕಿಟಕಿ ತೆರೆದರೆ ನೀರು. ಮಧ್ಯಾಹ್ನ ಆ ನೀರಿನ ಬೆಳಕು ಮೇಲ್ಛಾವಣಿಯಲ್ಲಿ ಅಲುಗಾಡುತ್ತಿತ್ತು. ಮುದುಕಿ ಆ ಕೋಣೆಯನ್ನು ಮಾರಲು ಒಪ್ಪಿದ್ದಳು, ಅಕ್ಕನ ದುಡ್ಡು ಕೈಗೆ ಬರುವವರೆಗೆ ಕಾಯಲೂ ಒಪ್ಪಿದ್ದಳು. ಪ್ರತಿ ಭಾನುವಾರ ಅಕ್ಕ ಹೋಗಿ ಮುದುಕಿಯಿಂದ ಬೀಗದ ಕೈ ಕೇಳಿ ಪಡೆದು, ಬೀಗ ತೆಗೆದು ಕಿಟಕಿ ತೆರೆದು ಸ್ವಲ್ಪ ಹೊತ್ತು ನಿಂತು, ಮತ್ತೆ ಕಿಟಕಿ ಮುಚ್ಚಿ ಬೀಗ ಹಾಕಿ ಬರುತ್ತಿದ್ದಳು. ಬಂದ ಮೇಲೆ ಎರಡು ದಿನ ಅವಳ ಮುಖ ನೋಡುವಂತಿರುತ್ತಿತ್ತು.

ದುಡ್ಡು ಎಲ್ಲಿತ್ತು ಎನ್ನುತ್ತೀರಾ? ಅಲ್ಲೇ ಇರುವುದು ಎಡವಟ್ಟು.

ನಿವೃತ್ತಿಯಾದಾಗ ಅಕ್ಕನಿಗೆ ಒಂದು ಇಡಿಗಂಟು ಬಂತು. ಕೋಣೆಗೆ ಅದು ಸ್ವಲ್ಪ ಸಾಲದು. ಐದು ವರ್ಷ ಬೆಳೆದರೆ ಸಾಕು. ಅದೇ ಸಮಯಕ್ಕೆ ಕಂಪನಿ ತನ್ನ ಕೆಲಸಗಾರರಿಗೆ ನೀಲಿ, ಹಳದಿ ಅರ್ಜಿಗಳನ್ನು ಹಂಚಿತ್ತು. ಒಂದು ಸಂಜೆ ಅಕ್ಕ ಮಂಚದ ಮೇಲೆ ಕೂತು ಎರಡನ್ನೂ ಜೋರಾಗಿ ಓದಿದಳು. ತಂಗಿ ಹೊಸ್ತಿಲ ಬಳಿ ಕೂತಿದ್ದಳು. ಕಿಟಕಿಯಲ್ಲಿಟ್ಟಿದ್ದ ಅಂಚು ಮುರಿದ ನೀಲಿ ಹೂದಾನಿಯ ಮೂಲಕ ಮುಳುಗುವ ಸೂರ್ಯ ಗೋಡೆಯ ಮೇಲೆ ಒಂದು ಚೂರು ಬೆಳಕು ಚೆಲ್ಲಿತ್ತು. ಆ ಚೂರು ಗೋಡೆಯ ಬಿರುಕಿನ ಕಡೆಗೆ ನಿಧಾನವಾಗಿ ಜರುಗುತ್ತಿತ್ತು. ಅದು ಬಿರುಕನ್ನು ಮುಟ್ಟಿದಾಗ ಏನೋ ಆಗಲಿದೆ ಎಂಬಂತೆ ತಂಗಿ ಉಸಿರು ಬಿಗಿಹಿಡಿದು ನೋಡುತ್ತಿದ್ದಳು.

"ಹಳದಿಗೆ ಎರಡೂವರೆ ಜಾಸ್ತಿ ಕಣೇ ಪುಟ್ಟಿ. ನಿನ್ನ ಬಿಲ್ಲೆ ಎರಡಕ್ಕೂ ಇರತ್ತಲ್ಲಾ?"

"ಹೂಂ."

ಅಷ್ಟೇ. ಅಕ್ಕ ಹಳದಿ ಅರ್ಜಿಯನ್ನು ತುಂಬಿದಳು. ಬೆಳಕಿನ ಚೂರು ಬಿರುಕನ್ನು ಮುಟ್ಟಿತು, ಏನೂ ಆಗಲಿಲ್ಲ.

ನಾಲ್ಕು ವರ್ಷ ಬಡ್ಡಿ ಸರಿಯಾಗಿಯೇ ಬಂತು. ಅಕ್ಕ ಅದನ್ನು ಮುಟ್ಟದೆ ಕೂಡಿಟ್ಟಳು. ಐದನೇ ವರ್ಷದ ಆರಂಭದಲ್ಲಿ ಗಾಜಿನ ಕಂಪನಿ ಮಕಾಡೆ ಮಲಗಿತು. ಎಲ್ಲರೂ ಪ್ಲಾಸ್ಟಿಕ್ಕಿಗೆ ಹೋದರಂತೆ, ಮಾಲೀಕರು ದೊಡ್ಡ ಕುಲುಮೆ ಕಟ್ಟಿ ಕೈ ಸುಟ್ಟುಕೊಂಡರಂತೆ. ಏನೋ ಒಂದು. ಒಂದು ಸೋಮವಾರ ಗೇಟಿಗೆ ನೋಟೀಸು ಬಿತ್ತು, ಎಂಬತ್ತು ವರ್ಷ ಆರದ ಬೆಂಕಿ ಆರಿತು.

ಸುದ್ದಿ ತಂದವಳು ಅಕ್ಕನೇ. ಚಪ್ಪಲಿ ಬಿಡುತ್ತ, "ಪಾಪ, ಊದೋರ ಗತಿ ನೋಡೇ ಪುಟ್ಟಿ, ಮೂರು ತಿಂಗಳ ಸಂಬಳ ಬಾಕಿಯಂತೆ" ಎಂದಳು. "ನಮಗೇನು, ನಿನ್ನ ಬಿಲ್ಲೆ ಇದೆ."

ತಂಗಿಗೆ ಎಲ್ಲೋ ಒಂದು ಎಳೆ ಎಳೆದ ಹಾಗಾಯಿತು. "ಅಕ್ಕಾ, ಆ ಕಾಗದ ಒಂದ್ಸಲ ತೋರ್ಸು."

ಅಕ್ಕ ಕಪಾಟಿನಿಂದ ಕಾಗದ ತಂದಳು. ಹಳದಿ. ತಂಗಿ ಅದನ್ನು ತಿರುಗಿಸಿ ಮತ್ತೊಮ್ಮೆ ನೋಡಿದಳು. ಆ ಸಂಜೆಯ ಹೂದಾನಿ, ಗೋಡೆ, ಬಿರುಕು, ತನ್ನದೇ ಬಾಯಿಂದ ಹೊರಟ ಆ ಹಾಳು "ಹೂಂ", ಎಲ್ಲ ಒಟ್ಟಿಗೇ ನೆನಪಾಯಿತು. ನಾಲ್ಕು ವರ್ಷದ ಹಿಂದೆ ಕಿವಿಗೆ ಬಿದ್ದ ಪ್ರಶ್ನೆ ಈಗ ತಲೆಗೆ ಹೋಯಿತು. ಹೇಳಬೇಕೆಂದು ಬಾಯಿ ತೆರೆದಳು. ಅಕ್ಕ ಅಷ್ಟರಲ್ಲಿ, "ಕಿಟಕಿಗೆ ಎಂಥ ಪರದೆ ಹಾಕ್ಲೇ? ತೆಳು ಸಾಕು ಅಲ್ವಾ, ಬೆಳಕು ಬರ್ಲಿ" ಎಂದಳು. ತಂಗಿ ಬಾಯಿ ಮುಚ್ಚಿಕೊಂಡಳು. ಹೇಡಿತನ ಅಂದರೆ ಹೇಡಿತನವೇ. ನಾನೇನೂ ಅವಳ ಪರ ವಕಾಲತ್ತು ಮಾಡುವುದಿಲ್ಲ.

ಎರಡು ವಾರದ ಮೇಲೆ ಟ್ರಸ್ಟಿ ಕಚೇರಿ ಅವಳನ್ನೇ ಕಾರ್ಖಾನೆಗೆ ಕಳಿಸಿತು. ಯಾವ ಯಂತ್ರಕ್ಕೆ ಬಿಲ್ಲೆ ಇದೆ, ಯಾವುದಕ್ಕಿಲ್ಲ, ಕೊನೆಯ ಪಟ್ಟಿ ಮಾಡಿ ತರಬೇಕು. ಅದರ ಮೇಲೆ ಹರಾಜು. "ನಮ್ಮಕ್ಕನದು ಹಳದಿ ಕಾಗದ ಇದೆ ಸಾರ್" ಎಂದು ಅವಳು ಮ್ಯಾನೇಜರಿಗೆ ಹೇಳಿದಳು. ಮ್ಯಾನೇಜರು ಕನ್ನಡಕದ ಮೇಲಿಂದ ನೋಡಿ, "ನಿಮ್ಮ ರಿಜಿಸ್ಟರು ಇನ್ಯಾರಿಗಮ್ಮಾ ಅರ್ಥ ಆಗತ್ತೆ? ಇಪ್ಪತ್ತು ವರ್ಷದಲ್ಲಿ ಒಂದು ಗುರುತು ತಪ್ಪಿಲ್ಲ. ಹೋಗಿಬನ್ನಿ" ಎಂದರು. ಅವಳು ರಿಜಿಸ್ಟರನ್ನು ಚೀಲಕ್ಕೆ ಹಾಕಿಕೊಂಡು ಹೊರಟಳು.

ಕಾರ್ಖಾನೆಯೊಳಗೆ ಹೆಜ್ಜೆಯಿಟ್ಟಾಗ ಕನಸಿನೊಳಗೆ ಹೋದಂತಾಯಿತು. ಅಷ್ಟು ವರ್ಷ ಆ ಶೆಡ್ಡಿನಲ್ಲಿ ಬೆಂಕಿಯ ಭೋರ್ಗರೆತ ಬಿಟ್ಟು ಬೇರೇನೂ ಕೇಳಿಸುತ್ತಿರಲಿಲ್ಲ. ಈಗ ಮಾಡಿನ ಮೇಲೆ ಪಾರಿವಾಳ ನಡೆದಾಡುವ ಸದ್ದು ಕೂಡ ಕೇಳುತ್ತಿತ್ತು. ನೆಲದ ತುಂಬ ಬಣ್ಣಬಣ್ಣದ ಗಾಜಿನ ಚೂರು, ಅವುಗಳ ಮೇಲೆ ಬಿಸಿಲು. ಅವಳು ನಡೆದಂತೆಲ್ಲ ಗೋಡೆಗಳಲ್ಲಿ ಹಸಿರು, ಕೆಂಪು ಚುಕ್ಕೆಗಳು ಜೊತೆಗೇ ನಡೆದವು. ಕುಲುಮೆಯ ಬಾಯಿಗೆ ಕೈಯಿಟ್ಟು ನೋಡಿದಳು. ತಣ್ಣಗಿತ್ತು.

ಒಂದು ವಿಚಿತ್ರ ಅವಳ ಕಣ್ಣಿಗೆ ಬಿತ್ತು. ಮುಚ್ಚಿದ ಕಾರ್ಖಾನೆಯಲ್ಲಿ ಎಲ್ಲದರ ಮೇಲೂ ಬೆರಳಿಟ್ಟರೆ ಗುರುತು ಮೂಡುವಷ್ಟು ಧೂಳು, ಆದರೆ ಅವಳ ಬಿಲ್ಲೆಗಳು ಮಾತ್ರ ಫಳಫಳ ಹೊಳೆಯುತ್ತಿದ್ದವು. ಯಾರೋ ಒಂದೊಂದನ್ನೂ ಉಜ್ಜಿದ್ದರು. ಯಾರಿರಬಹುದು ಎಂದುಕೊಂಡಳು, ಮತ್ತೆ ಮರೆತಳು.

ನೂರ ಮೂವತ್ತೇಳನೇ ನಂಬರು ಗಾಜಿನ ಅಂಚು ಉಜ್ಜುವ ಹೊಸ ಯಂತ್ರ. ಇಡೀ ಕಾರ್ಖಾನೆಯಲ್ಲಿ ಒಳ್ಳೆ ಬೆಲೆ ಬರುವ ನಾಲ್ಕರಲ್ಲಿ ಒಂದು. ಬಿಲ್ಲೆಯಮ್ಮ ಅದರ ಮುಂದೆ ನಿಂತಳು. ಬಿಲ್ಲೆ ಇಲ್ಲದ ಸಾಮಾನೆಂದರೆ ಪ್ಯಾಕಿಂಗ್ ಕೋಣೆಯ ಮೇಜು, ತಕ್ಕಡಿ, ಖಾಲಿ ಪೆಟ್ಟಿಗೆ, ಒಣ ಹುಲ್ಲು. ಅದನ್ನೆಲ್ಲ ಮಾರಿದರೆ ಹಳದಿಯವರಿಗೆ ನೂರಕ್ಕೆ ಏಳು ಸಿಕ್ಕರೆ ಹೆಚ್ಚು. ಈ ನಾಲ್ಕು ಯಂತ್ರಗಳು ಬಿಲ್ಲೆ ಇಲ್ಲದವುಗಳ ಕಡೆ ಸೇರಿದರೆ ನೂರಕ್ಕೆ ನಲವತ್ತು. ಅಕ್ಕನ ಹಳೆಯ ಬಡ್ಡಿಯೂ ಸೇರಿದರೆ ಕೋಣೆಯ ಅರ್ಧಕ್ಕಿಂತ ಹೆಚ್ಚು. ಮುದುಕಿ ಉಳಿದದ್ದಕ್ಕೆ ಕಾದಾಳು. ರಿಜಿಸ್ಟರಿನಲ್ಲಿ ಆ ನಂಬರುಗಳ ಮುಂದೆ "ಗುಜರಿಗೆ ಹೋಗಿದೆ" ಎಂದು ಬರೆದರೆ ಮುಗಿಯಿತು. ಕೇಳುವವರು ಯಾರು? ಇಪ್ಪತ್ತು ವರ್ಷದಲ್ಲಿ ಒಂದು ಗುರುತು ತಪ್ಪದವಳು.

ಸ್ಕ್ರೂಡ್ರೈವರು ತೆಗೆದಳು. ಒಂದು ಸ್ಕ್ರೂ ಬಿಚ್ಚಿದಳು. ಎರಡನೆಯದು ಬಿಚ್ಚಿದಳು. ಬಿಲ್ಲೆ ಅಂಗೈಗೆ ಬಿತ್ತು. ಅಷ್ಟು ಹಗುರ ವಸ್ತು ಇಷ್ಟು ದೊಡ್ಡ ಯಂತ್ರವನ್ನು ಹಿಡಿದುಕೊಂಡಿತ್ತೆಂದು ಅವಳಿಗೆ ನಂಬಲಾಗಲಿಲ್ಲ.

"ಏನೇ ಮಾಡ್ತಿದ್ದೀಯ?"

ಅಕ್ಕ! ಕೂದಲಲ್ಲಿ ಪೆನ್ಸಿಲು ಸಿಕ್ಕಿಸಿಕೊಂಡು, ಕೈಯಲ್ಲೊಂದು ಒರೆಸುವ ಬಟ್ಟೆ ಹಿಡಿದು ನಿಂತಿದ್ದಳು. ನಿವೃತ್ತಿಯಾಗಿ ನಾಲ್ಕು ವರ್ಷವಾದರೂ ಪೆಟ್ಟಿಗೆಗಳ ಹಳೆಯ ಲೆಕ್ಕ ಗೊತ್ತಿರುವುದು ಅವಳೊಬ್ಬಳಿಗೇ ಎಂದು, ಕಂಪನಿ ಮುಚ್ಚಲು ಬಂದ ಅಧಿಕಾರಿ ಹತ್ತು ದಿನದಿಂದ ಅವಳನ್ನು ದಿನಗೂಲಿಯ ಮೇಲೆ ಕರೆಸಿಕೊಂಡಿದ್ದ. ಅದನ್ನು ಅಕ್ಕ ಮನೆಯಲ್ಲಿ ಹೇಳಿಯೂ ಇದ್ದಳು. ತಂಗಿ "ಹೂಂ" ಅಂದಿದ್ದಳು.

"ಬಿಲ್ಲೆ ಸಡಿಲ ಆಗಿತ್ತು" ಎಂದಳು ತಂಗಿ.

"ಸುಳ್ಳು ಹೇಳುವಾಗ ಕಿವಿ ಹಿಡ್ಕೋತೀಯ ನೀನು. ಆರನೇ ವಯಸ್ಸಿಂದ ಹಾಗೇ."

ತಂಗಿ ಕಿವಿಯಿಂದ ಕೈ ತೆಗೆದಳು. ಆಮೇಲೆ ಅಳುವೇ ಬಂತು. "ಅಕ್ಕಾ, ನಿಂದು ಹಳದಿ. ಹಳದಿಗೆ ಬಿಲ್ಲೆ ಇಲ್ಲ. ಇವೆಲ್ಲ ನೀಲಿಯವರದು, ಪೂರ್ತಿ ಅವರದು. ಅವತ್ತು ನೀನು ಕೇಳ್ದೆ. ನಾನು ಹೂಂ ಅಂದೆ. ನಾನು ಕೇಳಿಸ್ಕೊಂಡೇ ಇರ್ಲಿಲ್ಲ ಅಕ್ಕಾ. ಗೋಡೆ ನೋಡ್ತಿದ್ದೆ."

ಅಕ್ಕ ಪಕ್ಕದಲ್ಲಿದ್ದ ಖಾಲಿ ಪೆಟ್ಟಿಗೆಯ ಮೇಲೆ ಕೂತಳು. ಗಾಜಿನ ಬೆಳಕಿನ ಚುಕ್ಕೆಯೊಂದು ಅವಳ ಪಾದದಿಂದ ಮೊಣಕಾಲಿಗೆ ಏರಿತು.

"ನಂಗೆ ಒಂದೂ ಇಲ್ವಾ?"

"ಒಂದೂ ಇಲ್ಲ."

"ಹತ್ತು ದಿನದಿಂದ ಊಟದ ಹೊತ್ತಲ್ಲಿ ಇವನ್ನೆಲ್ಲ ಉಜ್ಜುತಾ ಇದ್ದೆ ಕಣೇ" ಎಂದಳು ಅಕ್ಕ, ಕೈಯಲ್ಲಿದ್ದ ಬಟ್ಟೆ ನೋಡುತ್ತ. "ನನ್ನ ಕಿಟಕಿ, ನನ್ನ ಬಾಗಿಲು ಅನ್ಕೊಂಡು."

ತಂಗಿಗೆ ಭೂಮಿ ಬಾಯಿ ಬಿಡಬಾರದೆ ಎನಿಸಿತು. ಅಂಗೈಯಲ್ಲಿದ್ದ ಬಿಲ್ಲೆಯನ್ನು ಚಾಚಿ, "ಯಾರಿಗೂ ಗೊತ್ತಾಗಲ್ಲ ಅಕ್ಕಾ. ಇನ್ನು ಮೂರು ಬಿಚ್ಚಿದ್ರೆ..." ಎಂದಳು.

"ನೀಲಿಯವರು ಅಂದ್ರೆ ಯಾರು?"

"ಯಾರ್ಯಾರೋ. ಪಿಂಚಣಿಯವರು, ಮೇಷ್ಟ್ರುಗಳು. ನನಗೇನು ಗೊತ್ತು."

"ಕಮ್ಮಿ ಬಡ್ಡಿಯಾದ್ರೂ ಪರವಾಗಿಲ್ಲ, ನೆಮ್ಮದಿಯಿದ್ರೆ ಸಾಕು ಅಂದೋರು. ಅಲ್ವಾ?"

"ಹೂಂ."

"ನಾಲ್ಕು ವರ್ಷ ಎರಡೂವರೆ ಜಾಸ್ತಿ ತಗೊಂಡಿದ್ದು ನಾನು." ಅಕ್ಕ ಎದ್ದಳು. "ಮೂವತ್ತೆಂಟು ವರ್ಷ ಊರವರ ಗಾಜು ಊರವರ ಮನೆಗೆ ಕಳಿಸಿದೀನಿ. ಒಂದು ಲೋಟ ಕಮ್ಮಿ ಬಿದ್ದಿಲ್ಲ. ಹಾಕು ಅದನ್ನ ವಾಪಸ್ಸು."

"ಅಕ್ಕಾ..."

"ಹಾಕೇ ಅಂದ್ರೆ! ನಿನ್ನ ಮೇಲೆ ನಂಗೆ ಕೆಂಡದಂಥ ಕೋಪ ಬಂದಿದೆ. ಅದು ಮನೆ ಜಗಳ, ಮನೇಲಿ ನೋಡ್ಕೊಳ್ಳೋಣ. ಇಲ್ಲಿ ಮೊದ್ಲು ಸ್ಕ್ರೂ ಹಾಕು."

ತಂಗಿ ಸ್ಕ್ರೂ ಹಾಕಿದಳು. ಕಣ್ಣೀರಿನಲ್ಲಿ ಗುರಿ ಸಿಗದೆ ಎರಡು ಸಲ ಜಾರಿತು. ಮೂರನೇ ಸಲಕ್ಕೆ ಅಕ್ಕನೇ ಬಿಲ್ಲೆ ಹಿಡಿದುಕೊಂಡಳು. ಬಿಲ್ಲೆ ಕೂತ ಮೇಲೆ, ಬೆರಳಚ್ಚು ಬಿದ್ದಿತ್ತೆಂದು, ತನ್ನ ಬಟ್ಟೆಯಿಂದ ಒಂದು ಸಲ ಒರೆಸಿಯೇ ಹೋದಳು.

ಮನೆಯಲ್ಲಿ ಜಗಳವಾಗಲಿಲ್ಲ, ಅದಕ್ಕಿಂತ ಕೆಟ್ಟದ್ದಾಯಿತು. ಅಕ್ಕ ಮಾತು ಬಿಟ್ಟಳು. ಒಂದು ದಿನವಲ್ಲ, ಎರಡು ದಿನವಲ್ಲ, ಹತ್ತೊಂಬತ್ತು ದಿನ. ಭಾನುವಾರ ಕಾಲುವೆಯ ಕಡೆಗೂ ಹೋಗಲಿಲ್ಲ. ತಂಗಿ ಹೊರಗಿನಿಂದ ಬಂದು ಅಡುಗೆಮನೆಗೆ ಹೋಗಲು ಅಕ್ಕನ ಮಂಚದ ಪಕ್ಕ ದಾಟುವಾಗ, ಅಕ್ಕ ಗೋಡೆಯ ಕಡೆ ತಿರುಗಿ ಮಲಗಿರುತ್ತಿದ್ದಳು. ಇಪ್ಪತ್ತೈದು ವರ್ಷ ಸಾವಿರಾರು ಸಲ ದಾಟಿದ ಆ ನಾಲ್ಕು ಹೆಜ್ಜೆ ಈಗ ತಂಗಿಗೆ ಕಾಲು ಸುಡುತ್ತಿತ್ತು. ಮೊದಲ ಸಲ ಅವಳು ಹಗಲುಗನಸು ಕಾಣದೆ ದಿನ ಕಳೆದಳು.

ಹರಾಜಾಯಿತು. ನೀಲಿಯವರಿಗೆ ಹೆಚ್ಚುಕಡಿಮೆ ಪೂರ್ತಿ ದುಡ್ಡು ಬಂತು. ಹಳದಿಯವರಿಗೆ ನೂರಕ್ಕೆ ಆರೂಮುಕ್ಕಾಲು.

ಆ ಸಂಜೆ ತಂಗಿ ಒಬ್ಬಳೇ ಕಾಲುವೆಯ ಅಂಗಡಿಗೆ ಹೋದಳು. ಮುದುಕಿ ಸೂಜಿಗೆ ದಾರ ಪೋಣಿಸುತ್ತಿದ್ದಳು. ಅಕ್ಕನ ಬಡ್ಡಿಯ ಗಂಟನ್ನೂ ಈಗ ಬಂದದ್ದನ್ನೂ ಈಗಲೇ ಕೊಡುತ್ತೇವೆ, ಉಳಿದದ್ದನ್ನು ನನ್ನ ಸಂಬಳದಿಂದ ತಿಂಗಳು ತಿಂಗಳು ಕಟ್ಟುತ್ತೇನೆ, ಎಂಟು ವರ್ಷ, ಎಂದು ಬಿಲ್ಲೆಯಮ್ಮ ಒಂದೇ ಉಸಿರಿಗೆ ಹೇಳಿದಳು.

ಮುದುಕಿ ಸೂಜಿ ಕೆಳಗಿಟ್ಟಳು. "ನೀನು ಕಟ್ತೀಯಾ? ಹೊಲಿಯೋಕೆ ಕೊಟ್ಟ ಬಟ್ಟೇನೇ ಒಂದು ವರ್ಷ ಮರೆತು ಹೋಗಿದ್ದವಳು ನೀನು."

"ಕಟ್ತೀನಿ."

"ನೋಡಮ್ಮಾ, ನಿನ್ನ ಮಾತು ನಂಗೆ ಗೊತ್ತಿಲ್ಲ, ನಿಮ್ಮಕ್ಕ ಗೊತ್ತು. ಅವಳು ಬಂದು, ನನ್ನ ತಂಗಿ ಕಟ್ತಾಳೆ ಅಂತ ಹೇಳಿದ್ರೆ ಬೀಗದ ಕೈ ಕೊಟ್ಬಿಡ್ತೀನಿ."

ಈಗ ಎಲ್ಲ ಅಕ್ಕನ ಒಂದು ಮಾತಿನಲ್ಲಿ ನಿಂತಿತು. ಅಕ್ಕನೋ ಮಾತೇ ಆಡುತ್ತಿಲ್ಲ.

ಬಿಲ್ಲೆಯಮ್ಮ ತನಗೆ ಗೊತ್ತಿದ್ದ ಒಂದೇ ದಾರಿ ಹಿಡಿದಳು. ಕಚೇರಿಯ ಊಟದ ಹೊತ್ತಿನಲ್ಲಿ, ಸ್ವಂತ ಕಾಗದದಲ್ಲಿ, ಅಚ್ಚುಕಟ್ಟಾಗಿ ಒಂದು ಪತ್ರ ಬರೆದಳು: ನಾನು ನನ್ನ ಅಕ್ಕನಿಗಾಗಿ ತೊಂಬತ್ತಾರು ಕಂತು ಕಟ್ಟುವೆನು, ತಪ್ಪಿದಲ್ಲಿ ಈ ಕೆಳಕಂಡ ವಸ್ತುಗಳು ಅವಳ ಒತ್ತೆ. ಪೇಟೆಯಲ್ಲಿ ದುಡ್ಡು ಕೊಟ್ಟು ಒಂದು ಬಿಲ್ಲೆಯನ್ನೂ ಮಾಡಿಸಿದಳು, ಇನ್ನೂರ ಹದಿಮೂರನೇ ನಂಬರು. ಮನೆಗೆ ಬಂದು ಅಕ್ಕನ ಮಂಚದ ಮುಂದೆ ನೆಲದ ಮೇಲೆ ಕೂತು ಎರಡನ್ನೂ ಮುಂದಿಟ್ಟಳು. ಮುದುಕಿ ಹೇಳಿದ್ದನ್ನೂ ಹೇಳಿದಳು.

ಅಕ್ಕ ಕನ್ನಡಕ ಹಾಕಿಕೊಂಡು ಪತ್ರ ಓದಿದಳು. ಮತ್ತೊಮ್ಮೆ ಓದಿದಳು. ಹತ್ತೊಂಬತ್ತು ದಿನದ ಮೇಲೆ ಬಾಯಿ ಬಿಟ್ಟಳು.

"ಕಪಾಟು ಒತ್ತೆ ಇಟ್ಟಿದೀಯಲ್ಲ, ಅದು ಯಾರದು?"

ತಂಗಿ ಕಪಾಟು ನೋಡಿದಳು. "ನೀನು ತಂದಿದ್ದು."

"ಮಂಚ?"

"...ನಿಂದೇ."

"ಗೋಡೆ ಗಡಿಯಾರ?"

"ಅದೂ ನಿಂದೇ ಅಲ್ವಾ."

"ಸೈಕಲ್ಲು ನಿಂದು, ಒಪ್ತೀನಿ. ಅದಕ್ಕೆ ಬ್ರೇಕಿಲ್ಲ." ಅಕ್ಕನ ಹೊಟ್ಟೆ ಅಲುಗಾಡತೊಡಗಿತು. ಮೊದಲು ಅಳುತ್ತಿದ್ದಾಳೆ ಎಂದುಕೊಂಡಳು ತಂಗಿ. ಅಕ್ಕ ನಗುತ್ತಿದ್ದಳು. "ನನ್ನ ಸಾಮಾನೇ ನಂಗೆ ಒತ್ತೆ ಇಡ್ತಾಳೆ! ಆಹಾ, ಏನು ಟ್ರಸ್ಟಿ ಆಫೀಸಮ್ಮಾ ನಿಂದು!"

ನಕ್ಕು ನಕ್ಕು ಕಣ್ಣು ಒರೆಸಿಕೊಂಡಳು. ಪತ್ರವನ್ನು ನಾಲ್ಕು ಮಡಿಕೆ ಮಾಡಿ ತಂಗಿಯ ಕೈಗಿಟ್ಟಳು.

"ಇದು ಬೇಡ ನಂಗೆ. ನಾನು ನಿಂಗೆ ಅನ್ನ ಹಾಕಿದ್ದು ಯಾವ ಒತ್ತೆ ಮೇಲೆ? ಇಲ್ಲಿ ನೋಡು. ಗೋಡೆ ಅಲ್ಲ, ಕಿಟಕಿ ಅಲ್ಲ, ನನ್ನ ಮುಖ ನೋಡು. ಎಂಟು ವರ್ಷ. ತಿಂಗಳ ಒಂದನೇ ತಾರೀಕು. ಜ್ವರ ಬರ್ಲಿ, ಗುಡುಗು ಬರ್ಲಿ, ಗಾಜಿನ ಮೇಲೆ ಬೆಳಕು ಬರ್ಲಿ. ಕಟ್ತೀಯಾ?"

ತಂಗಿ ಅಕ್ಕನ ಮುಖ ನೋಡಿದಳು. ಎಷ್ಟು ವರ್ಷದಿಂದ ನೋಡಿರಲಿಲ್ಲವೋ. ಹುಬ್ಬಿನ ಮೇಲೆ ಗಾಜು ತಾಗಿದ ಸಣ್ಣ ಗಾಯದ ಗುರುತಿತ್ತು, ಕಣ್ಣಿನ ಕೆಳಗೆ ಈ ಹತ್ತೊಂಬತ್ತು ದಿನದ ಕಪ್ಪಿತ್ತು. ಮಾತು ಒಂದೊಂದೂ ಕಿವಿಗೆ ಬಿತ್ತು.

"ಹೂಂ" ಎಂದಳು.

"ನಾನೇನು ಕೇಳ್ದೆ ಹೇಳು ನೋಡೋಣ."

ತಂಗಿ ಹೇಳಿದಳು. ಎಂಟು ವರ್ಷ, ಒಂದನೇ ತಾರೀಕು, ಜ್ವರ, ಗುಡುಗು, ಗಾಜಿನ ಮೇಲಿನ ಬೆಳಕು, ಒಂದನ್ನೂ ಬಿಡದೆ. ಅಕ್ಕ ತಲೆ ಆಡಿಸಿದಳು. ಮಾರನೇ ದಿನ ಕಾಲುವೆಯ ಅಂಗಡಿಗೆ ಹೋಗಿ, "ನನ್ನ ತಂಗಿ ಕಟ್ತಾಳೆ" ಎಂದು ಹೇಳಿ ಬೀಗದ ಕೈ ತಂದಳು. ಇನ್ನೂರ ಹದಿಮೂರನೇ ಬಿಲ್ಲೆ ಆ ಕೋಣೆಯ ಕುಂಟು ಮೇಜಿನ ಕಾಲಿನಡಿ ಸೇರಿತು. ಅದರ ದಪ್ಪ ಹೇಳಿ ಮಾಡಿಸಿದಂತಿತ್ತು.

ಆಮೇಲಿನ ಎಂಟು ವರ್ಷದಲ್ಲಿ ಬಿಲ್ಲೆಯಮ್ಮ ಬಸ್ಸಿನ ನಿಲ್ದಾಣ ತಪ್ಪಿಸಿಕೊಂಡಳು, ಹಾಲು ಉಕ್ಕಿಸಿದಳು, ಎರಡು ಕೊಡೆ ಕಳೆದಳು. ಒಂದನೇ ತಾರೀಕು ಮಾತ್ರ ಮರೆಯಲಿಲ್ಲ. ಅಂಗಡಿಯಲ್ಲಿ ಮುದುಕಿಗೆ ಕಂತು ಕೊಡುವುದು, ಆಮೇಲೆ ಮರದ ಮೆಟ್ಟಿಲು ಹತ್ತಿ ಹಸಿರು ಬಾಗಿಲು ತಟ್ಟುವುದು. ಒಳಗಿನಿಂದ ಅಕ್ಕ, "ಯಾರು?" ಎನ್ನುತ್ತಿದ್ದಳು. ಆ ಹೊತ್ತಿಗೆ, ಆ ತಾರೀಕಿಗೆ, ಇನ್ನು ಯಾರು ಬಂದಾರು? ಆದರೂ ಕೇಳುತ್ತಿದ್ದಳು. ಬಾಗಿಲ ಹಿಂದಿನಿಂದ ಹಾಗೆ ಕೇಳುವ ಸುಖ ಅವಳಿಗೆ ಬದುಕಿನಲ್ಲಿ ಅಲ್ಲಿಯವರೆಗೆ ಸಿಕ್ಕಿರಲಿಲ್ಲ. ತಂಗಿಯೂ ಪ್ರತಿ ಸಲ, "ನಾನಕ್ಕಾ" ಎಂದು ಕಂತಿನ ನಂಬರು ಹೇಳುತ್ತಿದ್ದಳು.

ಕೊನೆಯ ಸಲ ಹೋದಾಗ ಮಧ್ಯಾಹ್ನ. ಮೆಟ್ಟಿಲ ಮೇಲೂ ನೀರಿನ ಬೆಳಕು ಅಲುಗಾಡುತ್ತಿತ್ತು. ಬಿಲ್ಲೆಯಮ್ಮ ಅದನ್ನು ನೋಡುತ್ತ ಒಂದು ಗಳಿಗೆ ನಿಂತಳು, ಮತ್ತೆ ಬಾಗಿಲು ತಟ್ಟಿದಳು.

"ಯಾರು?"

"ನಾನಕ್ಕಾ. ತೊಂಬತ್ತಾರು."

ಒಳಗೆ ಹೆಜ್ಜೆಗಳು ಬಾಗಿಲ ಬಳಿಗೆ ಬಂದವು. ಆಮೇಲೆ, ಚಿಲಕ ತೆಗೆಯುವ ಮೊದಲು, ಅಕ್ಕ "ಹೂಂ" ಎಂದದ್ದು ಅವಳಿಗೆ ಸ್ಪಷ್ಟವಾಗಿ ಕೇಳಿಸಿತು.